ಅಜ್ಜಿ ವಿಮಾನ ಹೂಡಿ ನೋಡಿದ್ದು

ನಾನು ಪೈಲಟ್ ಆಗಬೇಕೋ ಬೇಡವೋ ಎಂದು ತೀರ್ಮಾನ ಹೇಳುವ ಅಧಿಕಾರ ನಮ್ಮ ಮನೆಯಲ್ಲಿ ಯಾರಿಗಿತ್ತು ಗೊತ್ತೇ? ಅಜ್ಜಿಗೆ. ಎರಡೂ ಕಣ್ಣಿಗೆ ಮೋತಿಬಿಂದಿನ ಪೊರೆ ಬಂದು, ಎದುರಿಗೆ ನಿಂತವರು ಮಗನೋ ಮೊಮ್ಮಗಳೋ ಎಂದು ದನಿಯ ಮೇಲೆ ಗುರುತು ಹಿಡಿಯುತ್ತಿದ್ದ ಅಜ್ಜಿಗೆ. ವಿಮಾನವೆಂದರೆ ಹೊಲದಲ್ಲಿ ಕಳೆ ತೆಗೆಯುವಾಗ ತಲೆಯ ಮೇಲೆ ಗುಂಯ್ ಎಂದು ಹಾದುಹೋಗುವ ಒಂದು ಸದ್ದು, ಅಷ್ಟೇ ಎಂದು ತಿಳಿದಿದ್ದ ಅಜ್ಜಿಗೆ. ಇದು ಯಾವ ನ್ಯಾಯ ಎಂದು ನಾನು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿ ಕೇಳಿದರೆ ಅವ್ವ ಇನ್ನೊಂದು ಪಾತ್ರೆಯನ್ನು ಮುಂದೆ ತಳ್ಳುತ್ತಿದ್ದಳು, ಕುಕ್ಕುವುದಿದ್ದರೆ ತೊಳೆದಾದರೂ ಕುಕ್ಕು ಎಂದು.

ಅಪ್ಪ ಹೊರಗೆ ಹುಲಿ. ಕಬ್ಬಿನ ಕಾರ್ಖಾನೆಯವರ ಹತ್ತಿರ, ನಿಪ್ಪಾಣಿಯ ತಂಬಾಕಿನ ವ್ಯಾಪಾರಿಗಳ ಹತ್ತಿರ ದನಿ ಏರಿಸಿ ಮಾತಾಡುವವನು. ಮನೆಯೊಳಗೆ ತನ್ನ ತಾಯಿಯ ಮುಂದೆ ಮಾತ್ರ ಟೊಪ್ಪಿಗೆ ಕೈಯಲ್ಲಿ ಹಿಡಿದುಕೊಂಡೇ ನಿಲ್ಲುತ್ತಿದ್ದ. ನಾನು ಪಿಯುಸಿ ಸೈನ್ಸ್ ಮುಗಿಸಿ, ಬೆಂಗಳೂರಿಗೆ ಹೋಗಿ ವಿಮಾನ ಹಾರಿಸುವುದನ್ನು ಕಲಿಯುತ್ತೇನೆ ಎಂದಾಗ ಅವನು ಬೈಯಲಿಲ್ಲ, ನಗಲೂ ಇಲ್ಲ. ಖರ್ಚಿನ ಮಾತು ನನಗ ಬಿಡು ಎಂದ. ನಾನು ಕುಣಿಯುವಷ್ಟರಲ್ಲಿ, "ಅಜ್ಜಿ ಹೂಂ ಅಂದ್ರ ನಂದೂ ಹೂಂ. ಅಜ್ಜಿ ಬ್ಯಾಡ ಅಂದ್ರ ಈ ಮಾತ ಇಲ್ಲಿಗೇ ಮುಗೀತ ನೋಡವಾ," ಎಂದು ಟೊಪ್ಪಿಗೆ ಹಾಕಿಕೊಂಡು ಹೊಲಕ್ಕೆ ಹೋಗಿಬಿಟ್ಟ.

ಈ ಹುಚ್ಚು ನನಗೆ ಹತ್ತಿದ್ದು ಅಥಣಿಯಲ್ಲಿ. ನಾನು ಇನ್ನೂ ಫ್ರಾಕು ತೊಡುವ ವಯಸ್ಸು. ಚುನಾವಣೆಯ ಕಾಲ. ಯಾರೋ ದೊಡ್ಡ ನಾಯಕರು ಹೆಲಿಕಾಪ್ಟರಿನಲ್ಲಿ ಬಂದರು. ಯಾರು, ಯಾವ ಪಕ್ಷ ಎಂದು ಈಗ ಕೇಳಿದರೆ ನನಗೆ ನೆನಪಿಲ್ಲ. ಧೂಳಿನಲ್ಲಿ ಇಡೀ ಅಥಣಿ ಕಣ್ಣು ಉಜ್ಜಿಕೊಳ್ಳುತ್ತ ಅವರ ಹಿಂದೆ ಓಡಿತು. ಹಾರಿಸಿಕೊಂಡು ಬಂದವನು ಇಳಿದು, ಬೇವಿನ ಗಿಡದ ನೆರಳಿಗೆ ಹೋಗಿ, ಯಾರೋ ಕೊಟ್ಟ ಚುರುಮುರಿಯನ್ನು ಕಾಗದದ ಪೊಟ್ಟಣದಿಂದ ನಿಧಾನವಾಗಿ ತಿನ್ನುತ್ತ ಕುಳಿತ. ಯಾರಿಗೂ ಕೈ ಮುಗಿಯಲಿಲ್ಲ, ಯಾರೂ ಅವನಿಗೆ ಕೈ ಮುಗಿಯಲಿಲ್ಲ. ಇಷ್ಟು ಜನರ ನಡುವೆ ಕೆಲಸ ಮಾಡಿ ಆರಾಮಾಗಿ ಕುಳಿತವನು ಇವನೊಬ್ಬನೇ ಎಂದು ನನಗೆ ಅನ್ನಿಸಿತು. ಆ ಕ್ಷಣವೇ ಆಯಿತು ನನ್ನ ನಿರ್ಧಾರ.

ನಮ್ಮದು ಚಿಕ್ಕೋಡಿ ಮತ್ತು ರಾಯಬಾಗದ ನಡುವಿನ ಒಂದು ಹಳ್ಳಿ. ನಾವು ಜೈನರು, ಒಕ್ಕಲುತನದವರು. ಹೊತ್ತು ಮುಳುಗಿದ ಮೇಲೆ ಊಟವಿಲ್ಲ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದ ನೇಮ, ಎಲ್ಲರೂ ಅಷ್ಟಿಷ್ಟು ಸಡಿಲ ಮಾಡಿಕೊಂಡಿದ್ದ ನೇಮ. ಅಪ್ಪ ನಿಪ್ಪಾಣಿಗೆ ಹೋದಾಗ ಎಷ್ಟು ಹೊತ್ತಿಗೆ ಏನು ತಿನ್ನುತ್ತಿದ್ದ ಎಂದು ನಾವು ಕೇಳುತ್ತಿರಲಿಲ್ಲ. ಆದರೆ ಅಜ್ಜಿಯ ನೇಮ ಕಲ್ಲಿನಂಥದ್ದು. ಒಂದು ಹನಿ ನೀರು ಕೂಡ ಇಲ್ಲ. ಒಮ್ಮೆ ಟೈಫಾಯ್ಡ್ ಬಂದು ಮೈ ಸುಡುತ್ತಿದ್ದಾಗಲೂ ಡಾಕ್ಟರು ಕೊಟ್ಟ ಗುಳಿಗೆಯನ್ನು ಬೆಳಗಿನ ತನಕ ಮುಷ್ಟಿಯಲ್ಲಿ ಹಿಡಿದುಕೊಂಡು ಮಲಗಿದ್ದಳಂತೆ. ಜಿನಪೂಜೆಗೆಂದು ಬಸ್ತಿಗೆ ಬಂದ ಹೆಂಗಸರು ತಮ್ಮ ಸೊಸೆಯಂದಿರಿಗೆ ಬುದ್ಧಿ ಹೇಳುವಾಗ ನಮ್ಮ ಅಜ್ಜಿಯ ಕಡೆ ಕೈ ತೋರಿಸುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ಆಗ ಅವಳ ಬೆನ್ನು ಇನ್ನಷ್ಟು ನೆಟ್ಟಗಾಗುತ್ತಿತ್ತು.

ಕಣ್ಣು ಮಂಜಾದ ಮೇಲೆ ಅವಳಿಗೆ ಸೂರ್ಯ ಕಾಣುವುದು ನಿಂತಿತು. ಗಡಿಯಾರದ ಮೇಲೆ ನಂಬಿಕೆಯಿಲ್ಲ. ಅದಕ್ಕೆ ಕೀಲಿ ಕೊಡುವವನು ನಿಮ್ಮ ಅಪ್ಪನಲ್ಲವೇ, ಎನ್ನುತ್ತಿದ್ದಳು. ಹಾಗಾಗಿ ಆ ಕೆಲಸ ನನ್ನ ತಲೆಗೆ ಬಿತ್ತು. ದಿನಾ ಸಂಜೆ ನಾನು ಮಾಳಿಗೆಯ ಮೇಲೆ ನಿಲ್ಲಬೇಕು. ಕೆಳಗೆ ಅಂಗಳದಲ್ಲಿ ಅವಳು ತಾಟಿನ ಮುಂದೆ ಕುಳಿತು ಒಂದೊಂದು ತುತ್ತಿಗೂ ಕೂಗುತ್ತಿದ್ದಳು.

"ಅದಾನೇನ?"

"ಅದಾನ, ಉಣ್ಣ ಬೇ ಅಜ್ಜಿ."

"ಅದಾನೇನ?"

"ಅದಾನ. ಅರ್ಧಾ ಅದಾನ."

"ಅರ್ಧಾ ಅಂದ್ರ ಇದ್ದಂಗ ಏನ, ಇಲ್ಲದಂಗ?"

"ಇದ್ದಂಗ."

ಕಡೆಗೆ ಕಬ್ಬಿನ ಗದ್ದೆಯ ಆಚೆ ಆ ಕೆಂಪು ಅಂಚು ಇಳಿದುಹೋದಾಗ "ಮುಳುಗಿದ" ಎಂದು ಕೂಗಿದರೆ ಮುಗಿಯಿತು. ಕೈಯಲ್ಲಿದ್ದ ತುತ್ತು ತಾಟಿಗೆ ವಾಪಸು. ಬಾಯಿಯ ಹತ್ತಿರ ಹೋಗಿದ್ದರೂ ವಾಪಸು. ಮೋಡ ಕವಿದ ದಿನ ಅಂಗೈ ಚಾಚಿ ಗೆರೆ ಕಾಣುತ್ತವೆಯೋ ಇಲ್ಲವೋ ನೋಡಿ ಹೇಳುವುದು. ಚಿಕ್ಕವಳಿದ್ದಾಗ ನಾನು ಈ ಅಧಿಕಾರವನ್ನು ಬಹಳ ಜಂಬದಿಂದ ಚಲಾಯಿಸಿದ್ದೇನೆ. ದೊಡ್ಡವಳಾದಂತೆ, ಗೆಳತಿಯರು ಆಟಕ್ಕೆ ಕರೆದಾಗ, ಈ ಮುದುಕಿಯ ಸೂರ್ಯನನ್ನು ಯಾರಾದರೂ ಕೊಂಡುಕೊಳ್ಳಲಿ ಎಂದು ಶಪಿಸಿದ್ದೂ ಉಂಟು.

ಇಂಥ ಅಜ್ಜಿ ನನ್ನ ಹಣೆಬರಹ ಬರೆಯಬೇಕು! ಅಷ್ಟರಲ್ಲಿ ಊರೆಲ್ಲ ಸುದ್ದಿಯಾಗಿ, ಹೋಗುವವರು ಬರುವವರೆಲ್ಲ ಪೈಲಟ್ ಕೆಲಸದ ಬಗ್ಗೆ ತಜ್ಞರಾದರು. ನಮ್ಮೂರಿಗೆ ಸಂಜೆ ಬಂದು ಬೆಳಿಗ್ಗೆ ಹೋಗುವ ವಸ್ತಿ ಬಸ್ಸಿನ ಡ್ರೈವರು ಕುಡಚಿಯ ಕಡೆಯವರು, ನಮಗೆಲ್ಲ ಚಾಚಾ. ನಮ್ಮ ಕಟ್ಟೆಯ ಮೇಲೆ ಕುಳಿತು ಮಜ್ಜಿಗೆ ಕುಡಿಯುತ್ತ ಅವರು ಮುಖ ಹುಳ್ಳಗೆ ಮಾಡಿದರು.

"ಅದ್ಯಾವ ಡ್ರೈವಿಂಗ ಬೇಟಿ? ಮುಂದ ಎಮ್ಮಿ ಇಲ್ಲ. ಕಬ್ಬಿನ ಟ್ರ್ಯಾಕ್ಟರ ಇಲ್ಲ. ಟಪ್ಪಿನ ಮ್ಯಾಲ ಮಂದಿ ಇಲ್ಲ. ಹಾರ್ನ್ ಹೊಡೀಬೇಕಂದ್ರ ಕೇಳವ್ರ ಯಾರದಾರ? ಕುಂತ ಕುಂತ ನಿದ್ದಿ ಬರ್ತೈತಿ. ನಿಪ್ಪಾಣಿ ಹತ್ರ ತವಂದಿ ಘಾಟದಾಗ ಮಳ್ಯಾಗ ತುಂಬಿದ ಬಸ್ ಇಳಿಸಿ ತೋರಸು, ಅದಕ್ಕ ಡ್ರೈವಿಂಗ ಅಂತಾರ."

ಅತ್ತಿ, ಅಂದರೆ ಅಪ್ಪನ ಅಕ್ಕ, ಕಾಗವಾಡದಿಂದ ಇದೇ ಸಲುವಾಗಿ ಬಸ್ಸು ಹತ್ತಿ ಬಂದಳು. ಬಂದವಳೇ ಕಾಲು ತೊಳೆಯುವ ಮೊದಲೇ ಶುರು ಮಾಡಿದಳು.

"ಕನ್ಯಾ ನೋಡಾಕ ಬಂದವ್ರ ಮುಂದ ಅವಲಕ್ಕಿ ತಾಟ ಹಿಡಕೊಂಡ ನಿಂತು 'ನಾ ಡ್ರೈವರ ಅದೀನ್ರಿ' ಅಂತೀ ಏನ? ಯಾವ ಅತ್ತಿ ತನ್ನ ಮಗನ್ನ ಕೊಡ್ತಾಳ ನಿನಗ? ಇಂವಾ ಮನ್ಯಾಗ ರೊಟ್ಟಿ ಬಡಕೋತ ಕುಂಡ್ರಬೇಕೇನ?"

"ಬಡೀಲಿ ಅತ್ತಿ. ಬಿಸಿ ಬಿಸಿ ಸಿಗತಾವ," ಎಂದೆ. ಅವತ್ತು ಅತ್ತಿ ನನ್ನ ಕೈಯ ಚಹಾ ಕುಡಿಯಲಿಲ್ಲ.

ಅಜ್ಜಿ ಮಾತ್ರ ಮದುವೆಯ ಮಾತೇ ಎತ್ತಲಿಲ್ಲ. ಅವಳ ತಕರಾರು ಬೇರೆ ಎರಡು. ಮೊದಲನೆಯದು, ಹಕ್ಕಿ ಬಡಿದರೆ ಏನು ಗತಿ? ಇರುವೆ ಕಂಡರೆ ದಾಟಿ ನಡೆಯುವ ಮನೆತನದವಳು ಹೋಗಿ ಹೋಗಿ ಹಕ್ಕಿಗಳ ದಾರಿಗೆ ಅಡ್ಡ ಹೋಗುವುದೇ? ಹಕ್ಕಿಗಳು ಕೆಳಗೆ, ವಿಮಾನ ಬಹಳ ಮೇಲೆ ಎಂದು ನಾನು ಅರ್ಧ ಸತ್ಯ ಹೇಳಿ ಅದನ್ನು ಹೇಗೋ ದಾಟಿಸಿದೆ. ಎರಡನೆಯದು ಗಟ್ಟಿ.

"ಹೊತ್ತ ಇಲ್ಲ ಗೊತ್ತ ಇಲ್ಲ, ಇವತ್ತ ಇಲ್ಲಿ, ನಾಳಿಗಿ ಎಲ್ಲೋ. ಸೂರ್ಯಾ ಹುಟ್ಟೂದು ಒಂದ ಊರಾಗ, ಮುಳುಗೂದು ಇನ್ನೊಂದ ಊರಾಗ. ನೀ ಯಾವಾಗ ಉಣ್ಣಾಕಿ, ಯಾವಾಗ ಬಿಡಾಕಿ? ಸೂರ್ಯಾನ ಲೆಕ್ಕ ಇಲ್ಲದ ಕೆಲಸ ಮನಿಶಾಗ ಒಗ್ಗತೈತೇನ?"

ನಾನು ವಾದಿಸಿದೆ, ಕಣ್ಣೀರು ಹಾಕಿದೆ, ಊಟ ಬಿಟ್ಟೆ. ಊಟ ಬಿಟ್ಟದ್ದಕ್ಕೆ ಅಜ್ಜಿ ಖುಷಿಯಾದಳು, ಉಪವಾಸ ಒಳ್ಳೆಯದು ಎಂದಳು. ಇವಳ ಜೊತೆ ಯಾವ ಹಟವೂ ನಡೆಯುವುದಿಲ್ಲವಲ್ಲ ಎಂದು ಸಿಟ್ಟಿನಿಂದ ತಲೆ ಚಚ್ಚಿಕೊಳ್ಳುವಂತಾಯಿತು. ಕಡೆಗೊಂದು ದಿನ ಅವಳೇ ಅಪ್ಪನನ್ನು ಕರೆದು ಕೂರಿಸಿಕೊಂಡಳು.

"ದನದ ಪ್ಯಾಟ್ಯಾಗ ಎತ್ತ ತರುವಾಗ ಏನ ಮಾಡ್ತಿ? ಬಣ್ಣಾ ನೋಡಿ ತರ್ತೀ ಏನ?"

"ಇಲ್ಲವ್ವಾ, ಗಾಡಿಗಿ ಹೂಡಿ ನಾಕ ಹೆಜ್ಜಿ ನಡಿಸಿ ನೋಡ್ತೀನಿ."

"ಹೂಂ. ಹಂಗಾರ ನನ್ನನ್ನೂ ವಿಮಾನದಾಗ ಕುಂಡ್ರಸು. ಕುಂತ ನೋಡಿ ಹೇಳ್ತೀನಿ."

ಎತ್ತು ಹೂಡಿ ನೋಡಿದಂತೆ ವಿಮಾನ ಹೂಡಿ ನೋಡುವ ಮಾತು ಚಿಕ್ಕೋಡಿ ತಾಲೂಕಿನಲ್ಲಿ ಅದೇ ಮೊದಲಿರಬೇಕು. ಆದರೆ ಅಪ್ಪ ಲೆಕ್ಕಾಚಾರದ ಮನುಷ್ಯ. ಮುಂಬಯಿಯಲ್ಲಿದ್ದ ಕಾಕಾ, ಅಪ್ಪನ ತಮ್ಮ, ಬಹಳ ದಿನದಿಂದ ಅಜ್ಜಿಯ ಕಣ್ಣಿನ ಆಪರೇಶನ್ ತನ್ನ ಹತ್ತಿರವೇ ಮಾಡಿಸುತ್ತೇನೆ, ಕಳಿಸು ಎಂದು ಗಂಟು ಬಿದ್ದಿದ್ದ. ಕೈಗೆಟಕುವ ಮಿರಜದ ಆಸ್ಪತ್ರೆ ಬಿಟ್ಟು ಮುಂಬಯಿ ಯಾಕೆ ಎಂದು ಅಪ್ಪ ಮುಂದೂಡುತ್ತ ಬಂದಿದ್ದ. ಈಗ ಎರಡೂ ಕೂಡಿದವು. ಬೆಳಗಾವಿಯಿಂದ ಮುಂಬಯಿಗೆ ವಿಮಾನದಲ್ಲಿ ಹೋಗುವುದು, ಕಣ್ಣು ತೋರಿಸುವುದು, ರೈಲಿನಲ್ಲಿ ಬರುವುದು. ಜೊತೆಗೆ ನಾನು. ಅಪ್ಪನಿಗೆ ಕಬ್ಬು ಕಡಿಯುವ ಕಾಲ, ಅವನು ಬೆಳಗಾವಿಯ ತನಕ ಬಂದು ಬಿಟ್ಟು ಹೋಗುವುದೆಂದಾಯಿತು.

ಹೊರಟ ದಿನ ಅಜ್ಜಿ ಬೆಳಿಗ್ಗೆ ಒಂದಿಷ್ಟು ಅಂಬಲಿ ಕುಡಿದದ್ದು ಬಿಟ್ಟರೆ ಏನೂ ತಿನ್ನಲಿಲ್ಲ. ಬಸ್ಸಿನಲ್ಲಿ ವಾಂತಿಯಾಗುತ್ತದೆ, ಬೆಳಗಾವಿ ಮುಟ್ಟಿದ ಮೇಲೆ ಆರಾಮಾಗಿ ಉಂಡರಾಯಿತು ಎಂದಳು. ಅವ್ವ ಹಾಲಿನಲ್ಲಿ ಕಲಸಿದ ದಶಮಿ ರೊಟ್ಟಿ, ಶೇಂಗಾ ಚಟ್ನಿ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟಿದ್ದಳು. ಆದರೆ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣ ಅಜ್ಜಿಗೆ ಹಿಡಿಸಲಿಲ್ಲ. ಎಲ್ಲರೂ ಬೂಟು ಹಾಕಿಕೊಂಡು ಓಡಾಡುವ ಕಡೆ ಕುಳಿತು ಉಣ್ಣುವುದು ಹೇಗೆ? ಹೊರಗೆ ಗಿಡದ ಕೆಳಗೆ ಹೋಗೋಣ ಎಂದರೆ ಒಳಗೆ ಬಂದವರನ್ನು ಹೊರಗೆ ಬಿಡುವುದಿಲ್ಲ ಎಂದರು. ವಿಮಾನ ತಡ, ಇನ್ನೂ ತಡ ಎಂದು ಹೇಳುತ್ತ ಹೋದರು. ಕಡೆಗೆ ಹಸಿವು ತಾಳದೆ ಒಂದು ಮೂಲೆಯಲ್ಲಿ ಗಂಟು ಬಿಚ್ಚಿ, ಕೈ ತೊಳೆದು, ಮನಸ್ಸಿನಲ್ಲಿ ಮಂತ್ರ ಹೇಳಿ, ಇನ್ನೇನು ತುತ್ತು ಮುರಿಯಬೇಕು ಎನ್ನುವಷ್ಟರಲ್ಲಿ ಎಲ್ಲರೂ ಎದ್ದು ಬಾಗಿಲಿಗೆ ನುಗ್ಗಿದರು. ವಿಮಾನ ಹೊರಡುತ್ತದಂತೆ, ಬೇಗ ಬೇಗ! ನಾನು ಗಂಟು ಸುತ್ತಿ, ಅಜ್ಜಿಯ ರಟ್ಟೆ ಹಿಡಿದು ಓಡಿದೆ.

ಬಯಲಿನಲ್ಲಿ ನಡೆಯುವಾಗ ಅವಳು ಕೇಳಿದಳು. "ಅದಾನೇನ?"

ನಾನು ಪಡುವಣಕ್ಕೆ ನೋಡಿದೆ. ಸಣ್ಣ ಅಂಚು ಉಳಿದಿತ್ತು. ಏಣಿಯ ಹತ್ತಿರ ಬರುವಷ್ಟರಲ್ಲಿ ಅದೂ ಇಳಿಯಿತು.

"ಮುಳುಗಿದ ಅಜ್ಜಿ."

ಏಣಿಯ ಮೇಲೆ ಒಂದು ಕಾಲಿಟ್ಟವಳು ಅಲ್ಲೇ ನಿಂತಳು. ಇನ್ನು ನಾಳೆ ಬೆಳಗಿನ ತನಕ ಒಂದು ತುತ್ತಿಲ್ಲ, ಒಂದು ಹನಿಯಿಲ್ಲ. "ಇದs ನೋಡ ನಿನ್ನ ವಿಮಾನ," ಎಂದಳು. "ಇನ್ನೂ ಹತ್ತೇ ಇಲ್ಲ, ಆಗಲೇ ಉಪವಾಸ ಕೆಡವಿತು." ಹಿಂದಿದ್ದವರು ಹತ್ತಿ ಹತ್ತಿ ಎಂದು ಅವಸರ ಮಾಡುತ್ತಿದ್ದರು. ಬೆಂಗಳೂರು ನನ್ನ ಕೈ ಬಿಟ್ಟು ದೂರ ಹೋಗುತ್ತಿರುವುದು ನನಗೆ ಕಾಣತೊಡಗಿತು.

ಎಡಗಡೆಯ ಕಿಟಕಿಯ ಪಕ್ಕ ಅವಳು, ಅವಳ ಪಕ್ಕ ನಾನು. ಗಗನಸಖಿ ಪೆಪ್ಪರಮಿಂಟಿನ ತಟ್ಟೆ ತಂದಳು. ಅಜ್ಜಿ ತಡವಿ ನೋಡಿ ಮುಷ್ಟಿ ತುಂಬ ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡಳು, ನಾಳೆಗೆ ಎಂದು. ಸೊಂಟಕ್ಕೆ ಪಟ್ಟಿ ಕಟ್ಟಲು ಬಂದಾಗ, "ನಾ ಎಲ್ಲಿ ಓಡಿ ಹೋಗಾಕಿನವಾ," ಎಂದು ರೇಗಿದಳು. ವಿಮಾನ ಓಡಿ, ನೆಲ ಬಿಟ್ಟು ಎದ್ದಿತು. ನಾನು ಅಜ್ಜಿಯ ಕೈ ಹಿಡಿಯಬೇಕೆಂದು ನೋಡಿದರೆ ಅವಳೇ ನನ್ನ ಕೈ ಹಿಡಿದಿದ್ದಳು, ಬಳೆ ಒತ್ತಿ ನೋಯುವಷ್ಟು. ಆದರೆ ಮುಖದಲ್ಲಿ ಹೆದರಿಕೆಯಿರಲಿಲ್ಲ. "ಎತ್ತು ಚೊಲೋ ಎಳೀತೈತಿ," ಎಂದಳು. ನನಗೆ ಜೀವ ಬಂತು.

ಮೇಲೇರುತ್ತ ಹೋದ ಹಾಗೆ ಪಡುವಣದ ಅಂಚು ಕೆಂಪಾಯಿತು, ಹಳದಿಯಾಯಿತು, ಮತ್ತೆ ಒಂದು ತುಣುಕು ಬೆಂಕಿ ಕಿಟಕಿಯಲ್ಲಿ ಕಾಣಿಸಿತು. ನಾನು ಕಣ್ಣು ಉಜ್ಜಿಕೊಂಡೆ. ಅದು ದೊಡ್ಡದಾಯಿತು. ಎತ್ತರಕ್ಕೆ ಹೋದಷ್ಟೂ ಭೂಮಿಯ ಅಂಚು ಕೆಳಗೆ ಸರಿಯುತ್ತದೆ, ಮುಳುಗಿದ್ದು ಮತ್ತೆ ಕಾಣಬಹುದು ಎಂದು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದವಳೇ ನಾನು. ಆದರೂ ಕಣ್ಣಾರೆ ಕಂಡಾಗ ಬಾಯಿಂದ ಕಿರುಚೇ ಬಂತು.

"ಅಜ್ಜೀ! ಸೂರ್ಯಾ ಬಂದಾನ!"

"ಏನ?"

"ಸೂರ್ಯಾ! ಮತ್ತ ಎದ್ದಾನ! ನಿನ್ನ ಬಾಜೂಕ ಅದಾನ ನೋಡ!"

ಅಜ್ಜಿ ನನ್ನ ಕೈ ಕೊಡವಿದಳು. "ಯಾರ ಕಿವ್ಯಾಗ ಹೂ ಇಡಾಕತ್ತಿ? ನಾ ಹಸದೀನಿ ಅಂತ ನನಗ ಸುಳ್ಳ ಹೇಳಿ ಉಣಸ್ತೀ ಏನ? ಪಡುವಣದಾಗ ಹುಟ್ಟೂ ಸೂರ್ಯಾನ ನಾ ಇಷ್ಟ ವಯಸ್ಸಾತು, ಕಂಡಿಲ್ಲ."

ಅಯ್ಯೋ ದೇವರೇ, ನನ್ನ ಪರಿಸ್ಥಿತಿ ನೋಡಿ! ಇಷ್ಟು ವರ್ಷ ನಾನು ಹೇಳಿದ್ದನ್ನೆಲ್ಲ ನಂಬಿದವಳು, ಜಗತ್ತಿನ ಅತಿ ದೊಡ್ಡ ನಿಜ ಕಿಟಕಿಯಲ್ಲಿ ಕುಳಿತಿರುವಾಗ ನಂಬುವುದಿಲ್ಲ. ಗಗನಸಖಿಯನ್ನು ಕರೆದೆ. ಅಜ್ಜಿ ಅವಳನ್ನು ಮರಾಠಿಯಲ್ಲಿ ವಿಚಾರಿಸಿದಳು. ಅವಳು ಬಗ್ಗಿ ನೋಡಿ, "ಹೋ ಆಜೀ, ಸೂರ್ಯ ಆಹೇ," ಎಂದಳು, ಇದ್ದಾನೆ ಎಂದು. ನೀವೆಲ್ಲ ಒಂದೇ ಕಂಪನಿ ಎಂದು ಅಜ್ಜಿ ಅವಳನ್ನೂ ನಂಬಲಿಲ್ಲ. ಆಮೇಲೆ ತಾನೇ ಗಾಜಿಗೆ ಕೆನ್ನೆ ಒತ್ತಿದಳು. ಮುಖದ ತುಂಬ ಬಿಸಿಲು ಬಿದ್ದಿತ್ತು.

"ಬೆಚ್ಚಗ ಹತ್ತತೈತಿ," ಎಂದಳು ಮೆತ್ತಗೆ. ಮತ್ತೆ ನನ್ನ ಕಡೆ ತಿರುಗಿ, "ನನ್ನ ಆಣಿ ಮಾಡು. ಕೆಳಗ ಮುಳುಗಿದ್ದು ಖರೇ ಏನ?"

"ಖರೇ. ನಿನ್ನ ಆಣಿ."

"ಈಗ ಮ್ಯಾಲ ಇರೂದೂ ಖರೇ ಏನ?"

"ಅದೂ ಖರೇ ಅಜ್ಜಿ."

ಅಜ್ಜಿ ತುಟಿ ಕಚ್ಚಿಕೊಂಡು ಯೋಚಿಸಿದಳು. ಶಾಸ್ತ್ರದಲ್ಲಿ ಇದಕ್ಕೆ ಏನು ಹೇಳಿದ್ದಾರೋ, ಬಸ್ತಿಯಲ್ಲಿ ಕೇಳೋಣವೆಂದರೆ ಬಸ್ತಿ ಎಲ್ಲೋ ಕೆಳಗೆ. ಹೊಟ್ಟೆ ಮಾತ್ರ ಇಲ್ಲೇ ಇತ್ತು. ಅದು ಗುರ್ ಎಂದದ್ದು ನನಗೂ ಕೇಳಿಸಿತು.

"ಸೂರ್ಯಾ ಇದ್ದಾಗ ಉಣ್ಣಬೇಕಂತೈತಿ. ಭೂಮಿ ಮ್ಯಾಲ ಕುಂತ ಉಣ್ಣಬೇಕಂತ ಇಲ್ಲ," ಎಂದಳು. "ಬಿಚ್ಚ ಗಂಟ. ಲಗು!"

ಮುಂದಿನದನ್ನು ನೆನೆಸಿದರೆ ಈಗಲೂ ನಗು ಬರುತ್ತದೆ. ನಾನು ಗಂಟು ಬಿಚ್ಚಿ ದಶಮಿ ಮುರಿದು ಕೈಗಿಡುವುದು, ಅಜ್ಜಿ ಬಾಯಿಗೆ ಹಾಕಿಕೊಳ್ಳುವುದು, ಚಟ್ನಿಯ ಪುಡಿ ಸೀರೆಯ ಮೇಲೆ ಉದುರುವುದು. ಅಕ್ಕಪಕ್ಕದ ಟೈ ಕಟ್ಟಿದ ಮಂದಿ ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದರು. ಬಾಯಿ ತುಂಬಿದ್ದರೂ ಪ್ರಶ್ನೆ ನಿಲ್ಲಲಿಲ್ಲ.

"ಅದಾನೇನ?"

"ಅದಾನ."

"ನೀರ ಕೊಡ. ಅದಾನೇನ?"

"ಅದಾನ, ಸಾವಕಾಶ ತಿನ್ನ ಬೇ, ಗಂಟಲಕ್ಕ ಹತ್ತೀತು!"

ಅಜ್ಜಿ ನಗುತ್ತಿದ್ದಳು. ಕಳ್ಳತನದಿಂದ ಮಾವಿನಕಾಯಿ ತಿನ್ನುವ ಹುಡುಗಿಯ ಹಾಗೆ, ಭುಜ ಕುಣಿಸಿ, ಸದ್ದಿಲ್ಲದೆ. ಅವಳು ಹಾಗೆ ನಕ್ಕದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಗೆದ್ದೆ ಎಂದುಕೊಂಡೆ. ಇನ್ನು ಹೂಂ ಎನ್ನುವುದೊಂದು ಬಾಕಿ.

ಅಷ್ಟರಲ್ಲಿ ಸೂರ್ಯ ಇಳಿಯತೊಡಗಿದ. ಅರ್ಧ ಆದ, ಕಾಲು ಆದ. ದಶಮಿ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು, ಅಜ್ಜಿಯ ಹೊಟ್ಟೆ ತುಂಬಿರಲಿಲ್ಲ. ಹಸಿದರೆ ಅವಳ ಸಿಟ್ಟು ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಂಚು ಮರೆಯಾಯಿತು. ಆದರೆ ಆಕಾಶವೆಲ್ಲ ಬೆಳ್ಳಗಿತ್ತು, ಒಳಗೆ ದೀಪಗಳಿದ್ದವು. ಆ ಮಂಜುಗಣ್ಣಿಗೆ ಏನೂ ವ್ಯತ್ಯಾಸ ತಿಳಿಯುವಂತಿರಲಿಲ್ಲ. ಇನ್ನೆರಡು ಸಲ 'ಅದಾನ' ಎಂದರೆ ಸಾಕು, ಅವಳು ಹೊಟ್ಟೆ ತುಂಬ ಉಂಡು, ನಗುತ್ತ ಇಳಿದು, ಬೆಂಗಳೂರಿಗೆ ಹೋಗು ಎನ್ನುತ್ತಾಳೆ. ಇದು ನನಗೆ ಹೊಳೆಯಲಿಲ್ಲ ಎಂದು ಹೇಳಲಾರೆ. ಚೆನ್ನಾಗಿಯೇ ಹೊಳೆಯಿತು.

"ಅದಾನೇನ?" ಎಂದಳು. ತುತ್ತು ಬಾಯಿಯ ಹತ್ತಿರವಿತ್ತು.

"ಮುಳುಗಿದ ಅಜ್ಜಿ."

ಅವಳು ಕೈ ಇಳಿಸಿದಳು. ತುತ್ತನ್ನು ಬಟ್ಟೆಯ ಮೇಲಿಟ್ಟು, ನಾಲ್ಕೂ ಮೂಲೆ ಕೂಡಿಸಿ ಗಂಟು ಕಟ್ಟಿದಳು. ನಗು ಹೋಗಿತ್ತು. ಮುಂಬಯಿ ಬರುವ ತನಕ ಕಣ್ಣು ಮುಚ್ಚಿ ಕುಳಿತವಳ ತುಟಿ ಮಾತ್ರ ಅಲ್ಲಾಡುತ್ತಿತ್ತು. ತಿಂದದ್ದು ಸರಿಯೋ ತಪ್ಪೋ ಎಂದು ಒಳಗೇ ಕಾದಾಡುತ್ತಿದ್ದಾಳೆ ಎಂದು ನನಗೆ ತಿಳಿಯಿತು. ಮುಗೀತು ನನ್ನ ಪೈಲಟ್ಗಿರಿ ಎಂದುಕೊಂಡು ನಾನು ಆಚೆ ತಿರುಗಿ ಮೂಗು ಒರೆಸಿಕೊಂಡೆ.

ಇಳಿಯುವಾಗ ಬಾಗಿಲ ಹತ್ತಿರ ಪೈಲಟ್ ನಿಂತಿದ್ದರು, ಎಲ್ಲರಿಗೂ ನಮಸ್ಕಾರ ಹೇಳುತ್ತ. ಇವರೇ ಹಾರಿಸಿದವರು ಎಂದು ನಾನು ಹೇಳಿದ್ದೇ ತಡ, ಅಜ್ಜಿ ನೇರ ಅವರ ಮುಂದೆ ನಿಂತು ದಾರಿ ಕಟ್ಟಿದಳು. ಸಾಂಗಲಿ ಕಡೆಯವರಂತೆ, ಮರಾಠಿಯಲ್ಲಿ ಮಾತು ಹತ್ತಿತು. ಯಾವಾಗ ಉಣ್ಣುತ್ತೀ ಎಂದರೆ ಸಿಕ್ಕಾಗ ಎಂದರು. ಯಾವಾಗ ಮಲಗುತ್ತೀ ಎಂದರೆ ಬಿಟ್ಟಾಗ ಎಂದರು. ಹೆಂಡತಿ ಏನನ್ನುತ್ತಾಳೆ ಎಂದರೆ, ಇವತ್ತಿನ ಬೈಗುಳವೋ ನಿನ್ನೆಯದೋ ಎಂದು ಕೇಳಿದರು. ನಮ್ಮ ಹಿಂದೆ ಸಾಲು ಬೆಳೆದು ಜನ ಗೊಣಗುತ್ತಿದ್ದರು. ಅಜ್ಜಿ ನನ್ನ ರಟ್ಟೆ ಹಿಡಿದು ಮುಂದೆ ಎಳೆದು, ಈ ಹುಡುಗಿಗೆ ನಿನ್ನ ಕೆಲಸ ಬೇಕಂತೆ, ಮಾಡುವಂಥದ್ದೋ ಹೇಗೆ, ಖರೆ ಹೇಳು ಎಂದಳು.

ಅವರು ನನ್ನನ್ನು ನೋಡಿದರು. ನಿದ್ದೆಗೆಟ್ಟ ಕಣ್ಣು. "ಹೊಟ್ಟೆಗೆ ಒಳ್ಳೆಯದಲ್ಲ ಆಜೀ," ಎಂದರು. "ನಿದ್ದೆಗೆ ಒಳ್ಳೆಯದಲ್ಲ. ಹಬ್ಬಕ್ಕೆ ಮನೆಯಲ್ಲಿರುವುದಿಲ್ಲ. ಸಂಸಾರ ಫೋನಿನಲ್ಲಿ." ಒಂದು ಸಲ ಹಿಂದೆ ತಿರುಗಿ ತಾವು ಕುಳಿತಿದ್ದ ಕೋಣೆಯ ಕಡೆ ನೋಡಿದರು. "ನನ್ನ ಮಗಳು ಕೇಳಿದರೆ ಬೇಡ ಎನ್ನುತ್ತೇನೆ. ಆದರೆ ನಾಳೆ ಬೆಳಿಗ್ಗೆ ಇದನ್ನು ನನ್ನ ಕೈಯಿಂದ ಕಿತ್ತುಕೊಂಡರೆ ನಾನು ಅತ್ತುಬಿಡುತ್ತೇನೆ."

ಅಜ್ಜಿ ಅವರ ತಲೆ ಸವರಿ ಆಶೀರ್ವಾದ ಮಾಡಿ ಇಳಿದಳು. ನನಗೆ ಹೂಂ ಇಲ್ಲ, ಉಹೂಂ ಇಲ್ಲ. ಕಣ್ಣಿನ ಆಪರೇಶನ್ ಆಯಿತು, ಕಪ್ಪು ಕನ್ನಡಕ ಬಂತು, ರೈಲಿನಲ್ಲಿ ಬಂದು ಕುಡಚಿಯಲ್ಲಿ ಇಳಿದೆವು.

ಮನೆಗೆ ಬಂದರೆ ಪಡಸಾಲೆಯಲ್ಲಿ ಅತ್ತಿ ಆಗಲೇ ಕುಳಿತಿದ್ದಳು, ಅಥಣಿಯ ಕಡೆಯ ಒಂದು ಸಂಬಂಧ ಹಿಡಿದುಕೊಂಡು. ಹುಡುಗನಿಗೆ ನೀರಾವರಿ ಹೊಲ, ಮನೆಯಲ್ಲಿ ಫೋನು, ಮತ್ತೇನು ಬೇಕು? ಪಕ್ಕದ ಮನೆಯ ಹೆಂಗಸರೂ ಅಜ್ಜಿಯ ಕಣ್ಣು ನೋಡಲು ಬಂದಿದ್ದರು. ಅವರೆಲ್ಲರ ಮುಂದೆಯೇ ಅತ್ತಿ ಅಂದಳು.

"ಹೇಳವ್ವಾ. ವಿಮಾನಾ ನೋಡಿ ಬಂದಿ. ಬ್ಯಾಡ ಅಂತ ಒಂದ ಮಾತ ಹೇಳಿ ಮುಗಿಸಿಬಿಡು."

ಅಪ್ಪ ಟೊಪ್ಪಿಗೆ ತೆಗೆದ. ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ನಾ ಮ್ಯಾಲ ಉಂಡೆ," ಎಂದಳು ಅಜ್ಜಿ.

ಯಾರಿಗೂ ತಿಳಿಯಲಿಲ್ಲ.

"ಇಲ್ಲಿ ಹೊತ್ತ ಮುಳುಗಿತ್ತು. ಮ್ಯಾಲ ಹೋದ ಮ್ಯಾಲ ಮತ್ತ ಕಾಣಿಸ್ತು. ಉಂಡೆ. ನೀರೂ ಕುಡದೆ."

ಅತ್ತಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಪಕ್ಕದ ಮನೆಯವಳು ಇನ್ನೊಬ್ಬಳ ಮುಖ ನೋಡಿದಳು. ಕತ್ತಲಾಗುವುದರೊಳಗೆ ಈ ಮಾತು ಬಸ್ತಿಗೆ ಹೋಗುತ್ತದೆ, ಅಲ್ಲಿಂದ ಓಣಿ ಓಣಿ ತಿರುಗುತ್ತದೆ ಎಂದು ನನಗೆ ಗೊತ್ತಿತ್ತು. ಅಜ್ಜಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವಳಿಗಿದ್ದದ್ದು ನೇಮದವಳೆಂಬ ಅದೊಂದೇ ಹೆಸರು. ಅಜ್ಜೀ, ಬಿಡು, ಹೇಳಬೇಡ ಎಂದು ನಾನು ಅವಳ ಸೆರಗು ಜಗ್ಗಿದೆ.

"ಇನ್ನೊಂದ ತುತ್ತ ಬಾಯಿಗಿ ಒಯ್ದಿದ್ದೆ. ಮುಳುಗಿದ ಅಂದ್ಲು ಈಕಿ. ನಾ ಹಸದಿರತೀನಿ, ಹಸದ್ರ ಸಿಟ್ಟಿಗೇಳತೀನಿ, ಸಿಟ್ಟಿಗೆದ್ರ ಬ್ಯಾಡ ಅಂತೀನಿ, ಎಲ್ಲಾ ಗೊತ್ತಿತ್ತು ಈಕಿಗಿ. ನನ್ನ ಕಣ್ಣಿಗಿ ಏನ ಕಾಣತಿತ್ತು? ಅದಾನ ಅಂದಿದ್ರ ನಾ ತಿಂತಿದ್ದೆ. ಅನ್ನಲಿಲ್ಲ." ಅಜ್ಜಿ ಕಪ್ಪು ಕನ್ನಡಕವನ್ನು ಅಪ್ಪನ ಕಡೆ ತಿರುಗಿಸಿದಳು. "ಆ ಗಾಡ್ಯಾಗ ಕುಂತ ಮಂದಿಗಿ ಯಾರಿಗೂ ಮುಂದಿಂದ ಕಾಣೂದಿಲ್ಲೋ. ಎಲ್ಲಾರೂ ನನ್ನಂಗ ಕುರುಡ್ರ. ಮುಂದ ಕುಂತವ್ರು ಕಂಡದ್ದ ಹೇಳೂ ಮಂದಿ ಇರಬೇಕು. ಕಳಸ ಈಕಿನ್ನ."

"ಮತ್ತ ನಿನ್ನ ನೇಮ?" ಅತ್ತಿಗೆ ತಡೆಯಲಾಗಲಿಲ್ಲ.

"ನನ್ನ ನೇಮ ನಾ ನೋಡ್ಕೋತೀನಿ. ನೀ ನಿನ್ನ ಸಂಬಂಧ ಎತ್ತಿಕೊಂಡ ನಡಿ."

ನಾನು ಪೈಲಟ್ ಆದ ಮೇಲೆ ಆ ಸಾಂಗಲಿಯವರು ಹೇಳಿದ್ದು ಒಂದೂ ಸುಳ್ಳಾಗಲಿಲ್ಲ. ಹೊಟ್ಟೆ ಕೆಟ್ಟಿತು, ನಿದ್ದೆ ಕೆಟ್ಟಿತು, ಹಬ್ಬಗಳೆಲ್ಲ ಫೋನಿನಲ್ಲಿ ಆದವು. ಯಾರಾದರೂ ಬಂದು ಈ ಕೆಲಸ ಈಗಲೂ ಮಾಡುವಂಥದ್ದೇ ಎಂದು ಕೇಳಿದರೆ ನಾನೂ ಹೊಟ್ಟೆ, ನಿದ್ದೆ ಎಂದೇ ಶುರು ಮಾಡುತ್ತೇನೆ. ಬೇಡ ಎಂದು ಹೇಳಿ ಮುಗಿಸಲು ಮಾತ್ರ ಇನ್ನೂ ಕಲಿತಿಲ್ಲ.

ಅತ್ತಿಯನ್ನು ಹಾಗೆ ಕಳಿಸಿದ ಮರುದಿನ ಅಜ್ಜಿ ಒಲೆಯ ಕಡೆ ಬರಲಿಲ್ಲ. ಮೇಲೆ ತಿಂದ ಆ ಕೆಲವು ತುತ್ತುಗಳಿಗಾಗಿ ಉಪವಾಸ ಹಿಡಿದಿದ್ದಳು. ತಪ್ಪೆಂದೂ ಹೇಳಲಿಲ್ಲ, ತಪ್ಪಲ್ಲವೆಂದೂ ಹೇಳಲಿಲ್ಲ. ಅವಳು ಹಾಗೆ ಕುಳಿತಿರುವಾಗ ನಾನು ರೊಟ್ಟಿ ಉಣ್ಣುವುದುಂಟೇ? ನಾನೂ ತಾಟು ದೂರ ಸರಿಸಿ ಅವಳ ಪಕ್ಕ ಹೋಗಿ ಕುಳಿತೆ. ಅವಳು ಕೈ ಚಾಚಿ ತಾಟನ್ನು ಎಳೆದು ನನ್ನ ಮುಂದಿಟ್ಟಳು.

"ನೀ ಯಾಕ ಉಪವಾಸ? ತಿಂದಾಕಿ ನಾನು. ನೀ ಕಂಡದ್ದ ಹೇಳಿದಿ. ಉಣ್ಣು."

ನಾನು ಅಳುತ್ತ ಅಳುತ್ತಲೇ ಉಂಡೆ.